ಹನ್ನೊಂದು ಜೋಡಿ ಕಿವಿ, ಒಂದು ಭಾಷಣ

ನಮ್ಮ ಮನೆಯಲ್ಲಿ ಮಾತಿಗೆ ದನಿ ಬೇಕೇ ಬೇಕು ಎಂಬ ಕಾನೂನಿರಲಿಲ್ಲ. ಅಪ್ಪ ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ನೇಕಾರ. ಮಗ್ಗದ ಶೆಡ್ಡಿನಲ್ಲಿ ಯಂತ್ರಗಳೆಲ್ಲ ಒಟ್ಟಿಗೆ ಓಡತೊಡಗಿದರೆ ಪಕ್ಕದವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಏನೂ ಕೇಳುತ್ತಿರಲಿಲ್ಲ. ಅದಕ್ಕೇ ಅಲ್ಲಿನವರು ಬರೀ ತುಟಿಯಲ್ಲಿ ಮಾತಾಡುವುದನ್ನು ಕಲಿತಿದ್ದರು. ಎದುರಿನವರ ಮುಖವನ್ನೇ ನೋಡುತ್ತ, ಒಂದೊಂದು ಅಕ್ಷರಕ್ಕೂ ಬಾಯನ್ನು ಪೂರ್ತಿ ತೆರೆದು, ನಿಧಾನವಾಗಿ. ತುಟಿಮಾತು ಎಂದು ಅದರ ಹೆಸರು. ಹತ್ತು ಮಗ್ಗದಾಚೆ ನಿಂತವನನ್ನು ಮಗಳ ಮದುವೆಗೆ ಕರೆಯಬಹುದಿತ್ತು, ಬೇಕಾದರೆ ಅವನೊಂದಿಗೆ ಜಗಳವನ್ನೂ ಆಡಬಹುದಿತ್ತು.

ಅಪ್ಪ ಅದನ್ನು ಮನೆಗೂ ತಂದಿದ್ದ. ವರ್ಷಗಟ್ಟಲೆ ಆ ಸದ್ದಿನಲ್ಲಿ ನಿಂತು ಅವನ ಕಿವಿ ಹೋಗಿತ್ತು, ಬೇರೆ ದಾರಿಯೂ ಇರಲಿಲ್ಲ. ಅಮ್ಮ ಒಲೆಯ ಮುಂದೆ ಕೂತೇ, ನೆಂಟರಿಗೆ ಗೊತ್ತಾಗದ ಹಾಗೆ, ಸಕ್ಕರೆ ಮುಗಿದಿದೆ, ಚಾ ಕುಡಿದು ಹೋಗಿ ಎನ್ನಬೇಡ ಎಂದು ಅಪ್ಪನಿಗೆ ತುಟಿಯಲ್ಲೇ ತಾಕೀತು ಮಾಡುತ್ತಿದ್ದಳು. ಓಣಿಯವರು ನಮ್ಮದು ಅರೆಹುಚ್ಚರ ಮನೆ ಎನ್ನುತ್ತಿದ್ದರು. ಅನ್ನುವವರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಅವರ ಬಾಯಿಂದ ಏನು ಬರುತ್ತಿದೆ ಎಂಬುದು ಮಾತ್ರ ನಮಗೆ ದೂರದಿಂದಲೇ ಗೊತ್ತಾಗುತ್ತಿತ್ತು.

ಮುಂದೆ ನಾನು ಎಷ್ಟೋ ಕಾರ್ಖಾನೆ ಮಾಲೀಕರಿಗೆ, ಸಂಘಗಳ ಅಧ್ಯಕ್ಷರಿಗೆ ಭಾಷಣ ಬರೆದುಕೊಟ್ಟೆ, ನಿಂತು ಹೇಳುವುದನ್ನು ಕಲಿಸಿದೆ. ಈ ವಿದ್ಯೆಯನ್ನು ಎಲ್ಲಿ ಕಲಿತಿರಿ ಎಂದು ಅವರು ಕೇಳುತ್ತಾರೆ. ಮಗ್ಗದ ಶೆಡ್ಡಿನಲ್ಲಿ ಎಂದರೆ ತಮಾಷೆ ಎಂದುಕೊಂಡು ನಗುತ್ತಾರೆ. ಅದು ತಮಾಷೆಯಲ್ಲ. ಭಾಷಣ ಎಂದರೆ ಏನೆಂದು ನನಗೆ ಗೊತ್ತಾದದ್ದು ಒಂದೇ ಒಂದು ಸಲ, ಒಬ್ಬರೇ ಒಬ್ಬರಿಗೆ ಕಲಿಸುವಾಗ. ಆ ಕೆಲಸಕ್ಕೆ ನನಗೆ ಸಿಕ್ಕ ಬಹುಮಾನವನ್ನೂ ಹೇಳುತ್ತೇನೆ.

ಎಸ್ಸೆಸ್ಸೆಲ್ಸಿ ಮುಗಿಸಿ, ಇಂಗ್ಲಿಷು ಕನ್ನಡ ಎರಡರಲ್ಲೂ ಟೈಪಿಂಗ್ ಪಾಸು ಮಾಡಿ, ಅಪ್ಪನ ಗಿರಣಿಯ ಆಫೀಸಿಗೇ ನಾನು ಸೇರಿದೆ. ಏಕೀಕರಣವಾಗಿ ಎರಡು ಮೂರು ವರ್ಷ ಕಳೆದಿದ್ದ ಕಾಲ. ಆಫೀಸಿಗೆ ಹೊಸದಾಗಿ ಕನ್ನಡದ ಟೈಪ್‌ರೈಟರು ಬಂದಿತ್ತು, ಅದನ್ನು ಬಡಿಯಲು ಗೊತ್ತಿದ್ದವಳು ನಾನೊಬ್ಬಳೇ. ಹೆಂಗಸು ಎಂದು ಮೂಗು ಮುರಿದವರೆಲ್ಲ ಪತ್ರ ಟೈಪಾಗಬೇಕಾದಾಗ ನನ್ನ ಮೇಜಿನ ಮುಂದೆಯೇ ಬಂದು ನಿಲ್ಲಬೇಕಿತ್ತು. ನಿಲ್ಲಿಸಿಕೊಂಡೆ. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲಿಸಿಕೊಂಡೆ.

ಗಿರಣಿಯ ಮಾಲೀಕರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಲೋಕಿಕೆರೆಯ ಒಕ್ಕಲುಮನೆಯಿಂದ ಬಂದವರು, ಹತ್ತಿ ವ್ಯಾಪಾರದಿಂದ ಮೇಲೆದ್ದು ಗಿರಣಿ ಹಿಡಿದವರು. ಹತ್ತಿ ಮಂಡಿಯಲ್ಲಿ ಅವರು ಬಾಯಿ ತೆರೆದರೆ ಎತ್ತುಗಳೂ ನಿಂತು ಕೇಳಬೇಕು, ಅಂಥ ಮಾತುಗಾರ. ಅವರು ಹರೆಯದಲ್ಲಿ ನಾಲ್ಕು ವರ್ಷ ಹುಬ್ಬಳ್ಳಿ ಕಡೆ ಮಗ್ಗದ ಮುಂದೆ ನಿಂತವರು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಾದ ದಿನ ನನ್ನ ಮಾನ ಹೋಯಿತು. ಮಧ್ಯಾಹ್ನದ ಬಿಡುವಿನಲ್ಲಿ ಅಪ್ಪ ಅಂಗಳದಲ್ಲಿ ಹೋಗುತ್ತಿದ್ದ. ನಾನು ಕಿಟಕಿಯಿಂದ ತುಟಿಯಲ್ಲೇ, ಈ ದಿನ ಮುದಿಗೂಬೆಗೆ ಸಿಟ್ಟು ನೆತ್ತಿಗೇರಿದೆ, ನನ್ನ ಊಟ ತಡವಾಗುತ್ತದೆ ಎಂದೆ. ಅಪ್ಪನ ಮುಖ ಬಿಳಿಚಿತು. ಎದುರಿನ ಜಗಲಿಯ ಮೇಲೆ ಯಜಮಾನರು ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ಅವರೂ ದನಿಯಿಲ್ಲದೆ, ಬಾಯಿ ಅಗಲಿಸಿ, ಸ್ಪಷ್ಟವಾಗಿ ಹೇಳಿದರು, "ಗೂಬೆ ಉಣ್ಣಕ್ಕೆ ಹೊಂಟೈತೆ. ನೀನೂ ಹೋಗಿ ಉಣ್ಣು."

ಕೆಲಸದಿಂದ ತೆಗೆಯುತ್ತಾರೆಂದು ಮೂರು ದಿನ ಹೆದರಿಕೊಂಡಿದ್ದೆ. ತೆಗೆಯಲಿಲ್ಲ. ಆಮೇಲೆ ಆಫೀಸಿನಲ್ಲಿ ಗುಮಾಸ್ತರ ಮುಂದೆ ಏನಾದರೂ ಗುಟ್ಟಾಗಿ ಹೇಳಬೇಕಾದರೆ ಅವರು ನನಗೆ ತುಟಿಯಲ್ಲೇ ಹೇಳತೊಡಗಿದರು.

ಆ ವರ್ಷ ಹರಿಹರದಲ್ಲಿ ಗಿರಣಿ ಮಾಲೀಕರ ಮತ್ತು ವರ್ತಕರ ದೊಡ್ಡ ಸಮ್ಮೇಳನ ಸೇರುವುದೆಂದು ತೀರ್ಮಾನವಾಯಿತು. ಹೊಳೆಯಾಚೆಯವರು ಏಕೀಕರಣದವರೆಗೆ ಬೇರೆ ರಾಜ್ಯದವರು, ಈಗ ನಮ್ಮವರೇ, ಅವರೂ ಬರುವವರಿದ್ದರು. ಮಂತ್ರಿಗಳು ಉದ್ಘಾಟನೆ ಮಾಡುವುದು, ಪ್ರಧಾನ ಭಾಷಣ ನಮ್ಮ ಯಜಮಾನರದು. ಒಪ್ಪಿಕೊಂಡ ಮೇಲೆ ಅವರಿಗೆ ನಿದ್ದೆ ಹೋಯಿತು. ಮಂಡಿಯಲ್ಲಿ ಹುಲಿಯಂತಿದ್ದ ಮನುಷ್ಯ ಮೈಕಿನ ಮುಂದೆ ನಿಂತರೆ ಮರಗಟ್ಟಿಬಿಡುತ್ತಿದ್ದರು. ತಮ್ಮ ಮಾತು ಹಳ್ಳಿಮಾತು, ಕಲಿತವರು ನಗುತ್ತಾರೆ ಎಂಬ ಭಯ ಅವರ ಹೊಟ್ಟೆಯೊಳಗೆ ಕೂತಿತ್ತು.

ಅದಕ್ಕೆ ಮನೆಯವರು ಮೈಸೂರಿನಿಂದ ಒಬ್ಬ ನಿವೃತ್ತ ಪ್ರೊಫೆಸರರನ್ನು ಕರೆಸಿ ಪಿ.ಜೆ. ಬಡಾವಣೆಯ ಒಂದು ಮನೆಯಲ್ಲಿ ಇಳಿಸಿದರು. ದಿನವೂ ಬೆಳಿಗ್ಗೆ ಪಾಠ. ಅವರು ಹೇಳಿದ್ದನ್ನು ಬರೆದುಕೊಳ್ಳಲು ನಾನು. ಸಭಿಕರ ಮುಖ ನೋಡಬಾರದು, ನೋಡಿದರೆ ಅಧೈರ್ಯವಾಗುತ್ತದೆ, ಅವರ ತಲೆಯ ಮೇಲಿನಿಂದ ಹಿಂದಿನ ಗೋಡೆಯನ್ನು ನೋಡಬೇಕು. ಎಡಗೈ ಬೆನ್ನ ಹಿಂದೆ. ಮಹನೀಯರೇ ಎಂದ ಮೇಲೆ ಮೂರು ಎಣಿಸುವಷ್ಟು ಹೊತ್ತು ಮೌನ. ಮೊದಲು ಸಂಸ್ಕೃತ ಶ್ಲೋಕ, ಮೂರನೆಯ ಪುಟದಲ್ಲಿ ಒಂದು ಹಾಸ್ಯ. ನನಗೆ ಹಾಸ್ಯವೆನಿಸಿದ್ದು ಇಡೀ ಪಾಠ. ಗೋಡೆಯ ಜೊತೆ ಮಾತಾಡಲು ಹರಿಹರದವರೆಗೆ ಯಾಕೆ ಹೋಗಬೇಕು, ಗಿರಣಿಗೇ ಬೇಕಾದಷ್ಟು ಗೋಡೆಗಳಿದ್ದವು.

ಎಲ್ಲಕ್ಕಿಂತ ಹೆಚ್ಚಾಗಿ ಪ್ರೊಫೆಸರರಿಗೆ ಯಜಮಾನರ ನಾಲಿಗೆಯನ್ನು ತಿದ್ದಬೇಕಿತ್ತು. ಬ್ಯಾಡ ಎನ್ನಬಾರದು, ಬೇಡ. ಪ್ಯಾಟೆ ಅಲ್ಲ, ಪೇಟೆ. ಮ್ಯಾಲೆ ಅಲ್ಲ, ಮೇಲೆ. ಯಜಮಾನರು ಶಾಲೆಗೆ ಹೊಸದಾಗಿ ಸೇರಿದ ಮಗುವಿನಂತೆ ಬೇಡ, ಪೇಟೆ, ಮೇಲೆ ಎಂದು ಕಾರಿನಲ್ಲಿ, ಊಟದ ಎಲೆಯ ಮುಂದೆ, ಎಲ್ಲೆಂದರಲ್ಲಿ ಬಾಯಿಪಾಠ ಮಾಡಿದರು. ನನಗೆ ಅದನ್ನು ಕೇಳಿ ನಗು ಬರಲಿಲ್ಲ, ಸಂಕಟವಾಗುತ್ತಿತ್ತು. ಬ್ಯಾಡ ಎನ್ನುವಾಗ ಬಾಯಿ ಪೂರ್ತಿ ತೆರೆಯುತ್ತದೆ. ಹತ್ತು ಮಗ್ಗದಾಚೆಗೂ ಅದು ಕಾಣುತ್ತದೆ. ಬೇಡ ಎಂದರೆ ತುಟಿ ಅರ್ಧಕ್ಕೇ ನಿಲ್ಲುತ್ತದೆ, ಪಕ್ಕದ ಮಗ್ಗಕ್ಕೂ ಮುಟ್ಟುವುದಿಲ್ಲ. ನಮ್ಮ ಕಡೆಯ ಮಾತು ದೂರಕ್ಕೆ ಹೋಗುವ ಮಾತು ಎಂದು ಪ್ರೊಫೆಸರರ ಮುಂದೆಯೇ ಅಂದೆ. ಟೈಪಿಸ್ಟ್ ಹುಡುಗಿಯರು ಬರೆದುಕೊಂಡರೆ ಸಾಕು ಎಂದರು. ಬರೆದುಕೊಂಡೆ.

ಸಮ್ಮೇಳನಕ್ಕೆ ಎರಡು ವಾರ ಮೊದಲು, ಅಭ್ಯಾಸಕ್ಕೆಂದು, ಊರಿನ ವರ್ತಕರ ಒಂದು ಸಣ್ಣ ಸಭೆಯಲ್ಲಿ ಯಜಮಾನರನ್ನು ನಿಲ್ಲಿಸಿದರು. ಎಡಗೈ ಬೆನ್ನ ಹಿಂದೆ, ಕಣ್ಣು ಗೋಡೆಯ ಗಡಿಯಾರದ ಮೇಲೆ. ಶ್ಲೋಕ ದಾಟಿತು. ಆಮೇಲೆ ಅವರ ನಾಲಿಗೆ ಕಲಿತದ್ದನ್ನು ತೋರಿಸತೊಡಗಿತು. 'ಯಾ' ಎಂದು ಬಂದಲ್ಲೆಲ್ಲ ಅದು ಹಳ್ಳಿಮಾತು, ತಿದ್ದಬೇಕು ಎಂದು ತಲೆಯಲ್ಲಿ ಕೂತುಬಿಟ್ಟಿತ್ತಲ್ಲ. ಮೊದಲು ವ್ಯಾಪಾರ ಹೋಗಿ ವೇಪಾರವಾಯಿತು. ಆಮೇಲೆ ನ್ಯಾಯ ನೇಯವಾಯಿತು. ಬ್ಯಾಂಕು ಬೇಂಕಾಯಿತು. ಜನ ತುಟಿ ಕಚ್ಚಿಕೊಂಡು ಕೂತಿದ್ದರು. ಕೊನೆಗೆ ಅವರು ದನಿ ಏರಿಸಿ, ಈ ಊರಿನ ಉದ್ಯಮವೆಲ್ಲ ನಮ್ಮ ಹಿರಿಯರ ತೇಗದಿಂದ ಬೆಳೆದದ್ದು, ನಾವೂ ಹಾಗೆಯೇ ತೇಗ ಮಾಡಬೇಕು ಎಂದರು.

ತ್ಯಾಗ ತೇಗಾಗಿ ಹೋಗಿತ್ತು. ಸಭೆ ಬಿದ್ದು ಬಿದ್ದು ನಕ್ಕಿತು. ಮರುದಿನದಿಂದ ಊರಿನ ಹೋಟೆಲುಗಳಲ್ಲಿ ಉಂಡು ಎದ್ದವರೆಲ್ಲ ಹೊಟ್ಟೆ ಸವರಿಕೊಂಡು, ಹಿರಿಯರ ಹಾಗೆ ಒಂದು ಮಾಡಿಬಿಟ್ಟೆ ನೋಡು ಎನ್ನತೊಡಗಿದರು. ಪ್ರೊಫೆಸರರು, ನಿಮ್ಮ ನಾಲಿಗೆಗೆ ಸಂಸ್ಕಾರವಿಲ್ಲ, ನನ್ನದೇನೂ ತಪ್ಪಿಲ್ಲ ಎಂದು ಹೇಳಿ, ತಾವು ಬರೆದ ಭಾಷಣದ ಕೈಬರಹವನ್ನು ಮೇಜಿನ ಮೇಲಿಟ್ಟು, ಮೈಸೂರಿನ ರೈಲು ಹತ್ತಿದರು.

ಯಜಮಾನರು ಎರಡು ದಿನ ಆಫೀಸಿಗೆ ಬರಲಿಲ್ಲ. ಬಂದವರು ನನ್ನನ್ನು ಕರೆದು ಕೈಬರಹವನ್ನು ಕೈಗಿತ್ತರು. "ಇದನ್ನ ದಪ್ಪ ಅಕ್ಷರದಾಗೆ ಟೈಪ್ ಮಾಡು. ಆಮ್ಯಾಲೆ ಹೆಂಗೆ ಹೇಳ್ಬೇಕು ನೀನೇ ಹೇಳ್ಕೊಡು. ನಕ್ರೆ ನೀ ಒಬ್ಬಾಕಿ ನಗ್ತೀಯ, ಊರು ನಗಾದು ಬ್ಯಾಡ" ಎಂದರು. ಅಷ್ಟು ಹೇಳಲು ಅವರಿಗೆ ಎಷ್ಟು ಕಷ್ಟವಾಗಿರಬಹುದೆಂದು ನನಗೆ ಅರ್ಥವಾಯಿತು. ಖುಷಿಯಿಂದಲೇ ಕೂತೆ.

ಐದನೆಯ ಪುಟದಲ್ಲಿ ಈ ವಾಕ್ಯ ಬಂತು: "ಸಂಸ್ಥೆಯ ಏಳಿಗೆಗಾಗಿ ತಮ್ಮ ಶ್ರವಣಶಕ್ತಿಯನ್ನೇ ತ್ಯಾಗ ಮಾಡಿದ ನಮ್ಮ ಹನ್ನೊಂದು ಮಂದಿ ಹಿರಿಯ ನೇಕಾರರಿಗೆ ಈ ಮಾಸಾಂತ್ಯದಿಂದ ವಿಶ್ರಾಂತಿಯನ್ನು ಕರುಣಿಸಲಾಗುವುದು."

ಎರಡು ಸಲ ಓದಿದೆ. ಎದ್ದು ಹೋಗಿ ಮ್ಯಾನೇಜರರನ್ನು ಕೇಳಿದೆ. ಹೌದು, ಕಿವಿ ಕೇಳದವರನ್ನೆಲ್ಲ ತೆಗೆಯುವುದೆಂದು ತೀರ್ಮಾನವಾಗಿದೆ, ಶೆಡ್ಡಿನಲ್ಲಿ ಹೊಸದಾಗಿ ಅಪಾಯದ ಗಂಟೆ ಹಾಕಿಸಿದ್ದೇವೆ, ಅದು ಕೇಳಿಸದವರು ಒಳಗಿರಬಾರದು ಎಂದರು. ಮಗ್ಗ ಓಡುವಾಗ ಆ ಗಂಟೆ ಯಾರಿಗೆ ಕೇಳಿಸುತ್ತದೆ ಎಂದು ಕೇಳಿದೆ. ನಿಯಮ ಎಂದರೆ ನಿಯಮ ಎಂದರು. ಅವರ ಮೇಜಿನ ಮೇಲೆಯೇ ಪಟ್ಟಿಯಿತ್ತು. ಮೊದಲ ಹೆಸರು ಅಪ್ಪನ ಪಕ್ಕದ ಮಗ್ಗದ ಹಿರಿಯ ನೇಕಾರರದು, ಎಲ್ಲರೂ ಸಾಹೇಬರು ಎನ್ನುತ್ತಿದ್ದವರದು. ಕೊನೆಯ ಹೆಸರು ಅಪ್ಪನದು.

ಅಂದು ಸಂಜೆ ಅಪ್ಪನಿಗೆ ಹೇಳಿದೆ. ಮನೆಯಲ್ಲಿ ಕೂತರೆ ಕಿವಿ ವಾಪಸು ಬರುತ್ತವೆಯೇ ಎಂದು ಕೇಳಿದ. ದಾರ ಹರಿದದ್ದೂ, ಲಾಳಿ ತಪ್ಪಿದ್ದೂ ತನಗೆ ಅಂಗಾಲಿನಿಂದ ಗೊತ್ತಾಗುತ್ತದೆ, ನೆಲ ನಡುಗುವ ರೀತಿಯೇ ಬೇರೆಯಾಗುತ್ತದೆ, ಕಿವಿ ಇರುವ ಹೊಸ ಹುಡುಗರಿಗಿಂತ ಮೊದಲು ತಾನು ಮಗ್ಗ ನಿಲ್ಲಿಸುತ್ತೇನೆ ಎಂದ. ಯಾರನ್ನೂ ಬಯ್ಯಲಿಲ್ಲ. ಬೈದಿದ್ದರೆ ನನ್ನ ಸಿಟ್ಟು ಸ್ವಲ್ಪ ಇಳಿಯುತ್ತಿತ್ತು. ಮಗ್ಗದ ಮುಂದೆ ನಿಲ್ಲದ ಅಪ್ಪನನ್ನು ನಾನು ನೋಡೇ ಇರಲಿಲ್ಲ, ನೋಡುವ ಮನಸ್ಸೂ ನನಗಿರಲಿಲ್ಲ.

ಮರುದಿನ ಭಾಷಣವನ್ನು ಪೂರ್ತಿ ಟೈಪ್ ಮಾಡಿದೆ, ಒಂದು ಪದದ ಜಾಗ ಮಾತ್ರ ಖಾಲಿ ಬಿಟ್ಟೆ. ಕಾಗದಗಳನ್ನು ಯಜಮಾನರ ಮುಂದಿಟ್ಟು, ತ್ಯಾಗ ಎಂಬ ಪದವನ್ನು ನಾನು ಟೈಪ್ ಮಾಡುವುದಿಲ್ಲ ಎಂದೆ.

ಯಾಕೆಂದು ಕೇಳಿದರು. ತ್ಯಾಗ ಎಂದರೆ ಕೊಡುವವನು ತಿಳಿದು ಕೊಡುವುದು, ನಮ್ಮಪ್ಪನ ಕಿವಿಯನ್ನು ಯಾರೂ ಕೇಳಿ ಇಸಿದುಕೊಳ್ಳಲಿಲ್ಲ ಎಂದೆ. ಅವರ ಹುಬ್ಬು ಗಂಟಾಯಿತು.

"ನಿಮ್ಮಪ್ಪ ಪಟ್ಟಿಯಾಗೆ ಅದಾನಂತ ಹಿಂಗೆ ಮಾತಾಡ್ತೀಯ."

"ಹೌದ್ರಿ. ಅದಾನೆ ಅಂತಾನೇ ಮಾತಾಡ್ತೀನಿ. ನಾ ಅಲ್ದೆ ಅವ್ನ ಪರ ಇನ್ಯಾರು ಮಾತಾಡ್ಬೇಕು?"

ಅದು ಮ್ಯಾನೇಜರರ ತೀರ್ಮಾನ, ತಾವು ಅದಕ್ಕೆ ಕೈ ಹಾಕುವುದಿಲ್ಲ ಎಂದು ಅವರು ಗೋಡೆ ನೋಡಿದರು. ಪ್ರೊಫೆಸರರ ಪಾಠದಲ್ಲಿ ಅದೊಂದು ಚೆನ್ನಾಗಿ ಅಂಟಿಕೊಂಡಿತ್ತು. ಆ ಪದ ಇಲ್ಲದಿದ್ದರೆ ತಮಗೂ ಒಳ್ಳೆಯದೇ, ಅದು ನಾಲಿಗೆಯ ಮೇಲೆ ಕೂರುವುದಿಲ್ಲ, ಬೇರೆ ಯಾವುದಾದರೂ ಹಾಕು ಎಂದರು. ಹಾಕುವುದಿಲ್ಲ, ಆ ಜಾಗ ಖಾಲಿಯೇ ಇರಲಿ, ಹೇಳುವವರು ನೀವು, ಏನು ಹೇಳಬೇಕೆಂದು ನೀವೇ ಹುಡುಕಿಕೊಳ್ಳಿ ಎಂದು ಹೇಳಿ ಬಂದೆ.

ಹೇಳಿಕೊಡುವ ಕೆಲಸ ಮಾತ್ರ ಬಿಡಲಿಲ್ಲ. ಅವರನ್ನು ಮಗ್ಗದ ಶೆಡ್ಡಿಗೆ ಕರೆದುಕೊಂಡು ಹೋದೆ. ಮಧ್ಯಾಹ್ನದ ಪಾಳಿ, ಎಲ್ಲ ಮಗ್ಗಗಳೂ ಓಡುತ್ತಿದ್ದವು, ಕೂದಲ ಮೇಲೆಲ್ಲ ಹತ್ತಿಯ ಧೂಳು. ಎಂಟನೆಯ ಮಗ್ಗದಾಚೆ ಸಾಹೇಬರು ನಿಂತಿದ್ದರು. ಗಡ್ಡ ಪೂರ್ತಿ ನೆರೆತಿತ್ತು. ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ಕನ್ನಡ, ಎರಡನ್ನೂ ತುಟಿಯಿಂದಲೇ ಓದುವ ಮನುಷ್ಯ. ಭಾಷಣವನ್ನು ಅವರಿಗೆ ಹೇಳಿ ಎಂದು ಯಜಮಾನರಿಗೆ ತುಟಿಯಲ್ಲಿ ತಿಳಿಸಿದೆ. ಇಲ್ಲಿ ಕೂಗಿದರೆ ಗಂಟಲು ಹರಿಯುತ್ತದೆ ಹೊರತು ಮಾತು ಮುಟ್ಟುವುದಿಲ್ಲ, ಒಬ್ಬರ ಮುಖ ನೋಡಿ, ಅವರಿಗೆ ಮುಟ್ಟಿತೇ ಎಂದು ನೋಡಿ, ಆಮೇಲೆ ಮುಂದಿನ ಮಾತು ಎಂದೆ. ಅದು ಅಪ್ಪ ನನಗೆ ಕಲಿಸಿದ ಪಾಠ. ಭಾಷಣ ಮಾಡುವ ಎಲ್ಲರಿಗೂ ನನ್ನ ಬಳಿ ಇರುವ ಸಲಹೆ ಇಷ್ಟೇ, ಇದಕ್ಕಿಂತ ಒಂದಕ್ಷರ ಹೆಚ್ಚಿಲ್ಲ.

ಯಜಮಾನರು ಮೊದಲು ತಡವರಿಸಿದರು. ಆಮೇಲೆ ಹರೆಯದ ಅಭ್ಯಾಸ ಮರಳಿ ಬಂತು. ಬೆನ್ನ ಹಿಂದಿನ ಎಡಗೈ ತಾನಾಗಿ ಮುಂದೆ ಬಂತು. ಹತ್ತಿಯ ಬೆಲೆ, ರಸ್ತೆ, ವಿದ್ಯುತ್ತು, ಒಂದೊಂದೇ ಮಾತನ್ನು ಬಾಯಿ ತುಂಬ ಹೇಳಿದರು. ಎಲ್ಲ ಐತೆ, ಬ್ಯಾಡ ಎನ್ನುವ ತಮ್ಮದೇ ಮಾತಿನಲ್ಲಿ. ಸಾಹೇಬರು ತಲೆದೂಗಿದರು. ಅಪ್ಪನೂ ಮಗ್ಗದ ಮೇಲೆ ಒಂದು ಕಣ್ಣಿಟ್ಟು ಇತ್ತ ತಿರುಗಿದ. ಆ ಸಾಲಿನ ನೇಕಾರರೆಲ್ಲ ನೋಡುತ್ತಿದ್ದರು.

ಐದನೆಯ ಪುಟ ಬಂತು. ಸಂಸ್ಥೆಯ ಏಳಿಗೆಗಾಗಿ ಎಂದು ಅವರ ತುಟಿ ಶುರು ಮಾಡಿ ನಿಂತುಬಿಟ್ಟಿತು. ಎದುರಿಗಿದ್ದವರಲ್ಲಿ ಎಷ್ಟೋ ಜನ ಆ ಹನ್ನೊಂದು ಮಂದಿಯಲ್ಲಿದ್ದವರೇ. ಅವರು ಎಲ್ಲ ಅಕ್ಷರವನ್ನೂ ಓದುತ್ತಿದ್ದರು. ಯಜಮಾನರು ಕಾಗದ ಮಡಚಿದರು. "ಇದು ಇಲ್ಲಿ ಬ್ಯಾಡ" ಎಂದರು ನನಗೆ.

"ಇವ್ರ ಮುಖ ನೋಡಿ ಹೇಳಕ್ಕೆ ಆಗ್ದಿರಾ ಮಾತನ್ನ ಹರಿಹರದಾಗೆ ಹೆಂಗೆ ಹೇಳ್ತೀರಿ?"

ಅವರು ಹೊರಗೆ ನಡೆದರು. ಆದರೆ ಆ ವಾಕ್ಯವನ್ನು ತೆಗೆದುಹಾಕು ಎಂದು ಹೇಳಲಿಲ್ಲ. ನಾನು ಕಾಯುತ್ತಲೇ ಇದ್ದೆ, ಹೇಳಲಿಲ್ಲ.

ಸಮ್ಮೇಳನದ ದಿನ ಹರಿಹರದಲ್ಲಿ ಹೊಳೆಯ ಕಡೆಯಿಂದ ಬೀಸುವ ಗಾಳಿಗೆ ಪೆಂಡಾಲು ಪಟಪಟ ಎನ್ನುತ್ತಿತ್ತು. ಮಂತ್ರಿಗಳು, ಬೆಂಗಳೂರಿನ ಅಧಿಕಾರಿಗಳು, ಹೊಳೆಯಾಚೆಯ ಪೇಟದ ವರ್ತಕರು. ಪ್ರಾರ್ಥನೆ ಹಾಡಿದ ಹುಡುಗಿಯರು ಹೋದ ಮೇಲೆ ಇಡೀ ಸಭೆಗೆ ಹೆಂಗಸು ಎಂದರೆ ನಾನೊಬ್ಬಳೇ. ಭಾಷಣದ ಇನ್ನೊಂದು ಪ್ರತಿ ಹಿಡಿದುಕೊಂಡಿದ್ದರಿಂದ ವೇದಿಕೆಯ ಬಲಬದಿಗೆ ಒಂದು ಕಬ್ಬಿಣದ ಕುರ್ಚಿ ಕೊಟ್ಟಿದ್ದರು. ಇಬ್ಬರು ಕಾರ್ಯಕರ್ತರು ಅಲ್ಲಿಂದಲೂ ಎಬ್ಬಿಸಲು ಬಂದರು. ಏಳಲಿಲ್ಲ.

ಮಂತ್ರಿಗಳು ಮಾತಾಡಿದರು, ಅಧಿಕಾರಿಗಳು ಇಂಗ್ಲಿಷಿನಲ್ಲಿ ಮಾತಾಡಿದರು. ಸಭೆ ಅರ್ಧ ತೂಕಡಿಸುತ್ತಿತ್ತು. ಯಜಮಾನರು ಎದ್ದರು. ಹಿಂದಿನ ಸಾಲಿನಲ್ಲಿ ಯಾರೋ ತೇಗಿದ ಹಾಗೆ ಸದ್ದು ಮಾಡಿದರು, ನಗೆ ಹರಿದಾಡಿತು. ಅವರು ಶ್ಲೋಕ ಹೇಳಲಿಲ್ಲ. ಸದ್ದು ಬಂದ ಕಡೆಗೇ ನೋಡಿ, ಊಟ ಇನ್ನೂ ಆಗೇ ಇಲ್ಲವಲ್ಲಪ್ಪ, ಇಷ್ಟು ಬೇಗ ಹೆಂಗೆ ಬಂತು ಎಂದರು. ಈ ಸಲ ಸಭೆ ಅವರ ಜೊತೆಗೆ ನಕ್ಕಿತು. ಆಮೇಲೆ ಒಬ್ಬೊಬ್ಬರ ಮುಖ ನೋಡಿ ಮಾತಾಡುತ್ತ ಹೋದರು. ಹೊಳೆಯಾಚೆಯವರಿಗೆ ಒಂದು ಮಾತು, ಮಂತ್ರಿಗಳಿಗೆ ಒಂದು ಮಾತು. ತೂಕಡಿಸುತ್ತಿದ್ದವರು ನೆಟ್ಟಗೆ ಕೂತರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯ ಮೇಲೆ ನನಗೇ ಸಿಟ್ಟೂ ಬಂತು.

ಐದನೆಯ ಪುಟ. ಓದುತ್ತ ಓದುತ್ತ ಶ್ರವಣಶಕ್ತಿಯನ್ನೇ ಎಂಬಲ್ಲಿಗೆ ಬಂದರು. ಮುಂದೆ ಖಾಲಿ ಜಾಗ. ನಿಂತರು. ಮೂರಲ್ಲ, ಹತ್ತು ಎಣಿಸುವಷ್ಟು ಹೊತ್ತು ನಿಂತರು. ಪೆಂಡಾಲಿನ ಬಟ್ಟೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ತಲೆ ಎತ್ತಿ ಬಲಕ್ಕೆ, ನನ್ನ ಕಡೆ ನೋಡಿದರು.

ನಾನು ಬಾಯಿ ತೆರೆದೆ. ದನಿಯಿಲ್ಲದೆ, ಸಾವಕಾಶವಾಗಿ, ಅವರ ಮುಖವನ್ನೇ ನೋಡುತ್ತ ಹೇಳಿದೆ. "ತ್ಯಾಗ ಮಾಡಿಲ್ಲ. ಮಗ್ಗ ಕಸ್ಗಂಡಾವೆ."

ಅವರು ಅದನ್ನು ಓದಿಕೊಂಡರು. ಕಾಗದವನ್ನು ಜೇಬಿಗಿಟ್ಟರು. ಮೈಕಿನ ಕಡೆ ತಿರುಗಿ ಹೇಳಿದರು, "ನಮ್ಮ ಗಿರಣಿಯಾಗೆ ಹನ್ನೊಂದು ಮಂದಿಗೆ ಕಿವಿ ಇಲ್ರಿ. ಅವ್ರೇನೂ ತ್ಯಾಗ ಮಾಡಿಲ್ಲ. ನಮ್ಮ ಮಗ್ಗ ಕಸ್ಗಂಡಾವೆ."

ನಾನು ಹೇಳಿಕೊಟ್ಟದ್ದು ಅಲ್ಲಿಗೆ ಮುಗಿದಿತ್ತು. ಅವರು ನಿಲ್ಲಿಸಲಿಲ್ಲ. ಎದೆಯಿಂದ ದನಿ ತೆಗೆದು, "ಕಿವಿ ಕಸ್ಗಂಡಾಗೈತೆ. ಇನ್ನ ಕೆಲಸಾನೂ ಕಸ್ಗಳ್ಳಕ್ಕೆ ನಾವ್ಯಾರ್ರಿ? ನಾ ಇರಾತಂಕ ಅವ್ರು ಮಗ್ಗದ ಮುಂದೆ ಇರ್ತಾರೆ" ಎಂದರು.

ಚಪ್ಪಾಳೆ ಎಷ್ಟು ಹೊತ್ತು ಬಿತ್ತೆಂದರೆ ಮಂತ್ರಿಗಳೂ ಎದ್ದು ಬಂದು ಕೈ ಹಿಡಿದುಕೊಂಡರು. ನನ್ನ ಕಣ್ಣು ತುಂಬಿತು, ಒರೆಸಿಕೊಳ್ಳಲೂ ಇಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅವರು ಬಹಳ ಖುಷಿಯಲ್ಲಿದ್ದರು. ದಾರಿಯಲ್ಲಿ ನಿಲ್ಲಿಸಿ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿ ನನಗೂ ಒಂದು ಪೊಟ್ಟಣ ಕೊಟ್ಟರು. ದಾವಣಗೆರೆ ಹತ್ತಿರವಾದಂತೆ ಮಾತು ಕಡಿಮೆಯಾಯಿತು. ಊರು ಮುಟ್ಟುವ ಹೊತ್ತಿಗೆ, ಆ ಕೊನೆಯ ಮಾತು ಚಪ್ಪಾಳೆಯ ಆಸೆಗೆ ಬಾಯಿ ಜಾರಿ ಬಂತು, ಮ್ಯಾನೇಜರರಿಗೆ ಏನು ಹೇಳುವುದೋ ಎಂದರು. ನನ್ನ ಬಾಯಲ್ಲಿದ್ದ ಮಂಡಕ್ಕಿ ಅಲ್ಲಿಯೇ ನಿಂತಿತು.

ಸೋಮವಾರ, ತಿಂಗಳ ಕೊನೆಯ ದಿನ, ಮ್ಯಾನೇಜರರು ಪಟ್ಟಿಯನ್ನು ನನ್ನ ಮೇಜಿಗೆ ಕಳಿಸಿದರು. ಅವವೇ ಹನ್ನೊಂದು ಹೆಸರು. ಪ್ರತಿಯೊಬ್ಬರಿಗೂ ಒಂದೊಂದು ಬಿಡುಗಡೆ ಪತ್ರ ಟೈಪಾಗಬೇಕು. ನಾನು ಹನ್ನೊಂದು ಕಾಗದ ಟೈಪ್ ಮಾಡಿದೆ. ಗಿರಣಿಯ ಹೆಸರಿದ್ದ ಒಳ್ಳೆಯ ಕಾಗದದ ಮೇಲೆ, ದಪ್ಪ ಅಕ್ಷರದಲ್ಲಿ, ಹರಿಹರದಲ್ಲಿ ಯಜಮಾನರು ಆಡಿದ ಆ ಮಾತುಗಳನ್ನು ಆಡಿದ ಹಾಗೆಯೇ, ಐತೆಯನ್ನು ಐತೆ ಎಂದೇ. ಕೆಳಗೆ, ಇಂಥ ಸಮ್ಮೇಳನದಲ್ಲಿ ಇಂಥವರು ಹೇಳಿದ್ದು ಎಂದು. ಮಧ್ಯಾಹ್ನದ ಬಿಡುವಿನಲ್ಲಿ ಅಪ್ಪನ ಕೈಗೆ ಕೊಟ್ಟು ಹಂಚಿಸಿದೆ. ಬಿಡುಗಡೆ ಪತ್ರ ಒಂದನ್ನೂ ಟೈಪ್ ಮಾಡಲಿಲ್ಲ.

ಸುದ್ದಿ ಮುಟ್ಟಲು 'ಅ' ಎನ್ನುವಷ್ಟು ಹೊತ್ತೂ ಬೇಕಾಗಲಿಲ್ಲ. ಯಜಮಾನರು ಕರೆಸಿದರು. ಅವರ ಕೈಯಲ್ಲಿ ಒಂದು ಪ್ರತಿಯಿತ್ತು.

"ಭಾಷಣದ ಮಾತು ಬ್ಯಾರೆ, ಗಿರಣಿ ಮಾತು ಬ್ಯಾರೆ. ಅಷ್ಟೂ ತಿಳಿಯಂಗಿಲ್ಲೇನು ನಿನಗೆ?"

"ಹಂಗಂತ ಹರಿಹರದಾಗೇ ಹೇಳ್ಬೇಕಿತ್ರಿ."

"ನೀನೇ ಹೇಳ್ಕೊಟ್ಟಿದ್ದು."

"ಮೊದಲಿನ ಮಾತು ನಂದು. ಕೊನೀದು ನಿಮ್ದೇ. ನಾ ಬಾಯಿ ಮುಚ್ಚಿದ ಮ್ಯಾಲೆ ಬಂದಿದ್ದು ಅದು."

ಅವರು ಆ ಕಾಗದವನ್ನು ಮತ್ತೆ ಓದಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ತಮಗೇ ಹೇಳಿಕೊಂಡರು. ಸಿಟ್ಟಿನಲ್ಲಿ ಹೇಳಿದರೋ ಬೇಸರದಲ್ಲಿಯೋ ತಿಳಿಯಲಿಲ್ಲ. ಆಮೇಲೆ ನನ್ನ ಮುಖ ನೋಡಿಯೇ, ನಾಳೆಯಿಂದ ನೀನು ಬರಬೇಡ ಎಂದರು. ಮುಖ ನೋಡಿ ಹೇಳಿದರಲ್ಲ, ಅಷ್ಟರ ಮಟ್ಟಿಗೆ ನನ್ನ ಪಾಠ ಹತ್ತಿತ್ತು. ನಾನೂ ಅವರ ಮುಖ ನೋಡಿಯೇ ಆಗಲಿ ಎಂದೆ. ಟೈಪ್‌ರೈಟರಿಗೆ ಮುಸುಕು ಹಾಕಿ, ಚೀಲ ತೆಗೆದುಕೊಂಡು ಹೊರಗೆ ಬಂದೆ.

ಗೇಟು ದಾಟಿದ ಮೇಲೆ ಮನೆಗೆ ಹೋಗಲಿಲ್ಲ. ಕಬ್ಬಿಣದ ಸರಳು ಹಿಡಿದು ಅಲ್ಲೇ ನಿಂತೆ. ಬಿಡುವು ಮುಗಿಯುವ ಹೊತ್ತಿಗೆ ಮ್ಯಾನೇಜರರು ಹನ್ನೊಂದು ಮಂದಿಯನ್ನೂ ಅಂಗಳಕ್ಕೆ ಕರೆಸಿ ಸಾಲಾಗಿ ನಿಲ್ಲಿಸಿದರು. ಪತ್ರ ಟೈಪಾಗಿರಲಿಲ್ಲ, ಬಾಯಲ್ಲೇ ಹೇಳಿ ಮುಗಿಸುವ ಯೋಚನೆ. ಸಾಹೇಬರ ಮುಂದೆ ನಿಂತು, ಈ ಹೊತ್ತಿನಿಂದ ನಿಮಗೆ ಕೆಲಸವಿಲ್ಲ ಎಂದರು. ಸಾಹೇಬರು ಗಡ್ಡ ನೀವಿಕೊಂಡು, ಕೇಳಿಸಲಿಲ್ಲ ಎಂದರು. ಮ್ಯಾನೇಜರರು ಕೂಗಿದರು. ಸಾಹೇಬರು ಮತ್ತೆ ಕೇಳಿಸಲಿಲ್ಲ ಎಂದು, ಅಂಗಿಯ ಜೇಬಿನಿಂದ ನಾನು ಟೈಪ್ ಮಾಡಿದ ಕಾಗದ ತೆಗೆದು ಅವರ ಕೈಗಿತ್ತರು. ಎರಡನೆಯವರೂ ಹಾಗೆಯೇ. ಮೂರನೆಯವರೂ. ಮ್ಯಾನೇಜರರ ಗಂಟಲು ಕಟ್ಟಿತು, ಕೈಯಲ್ಲಿ ಕಾಗದ ಬೆಳೆಯಿತು. ಶೆಡ್ಡಿನ ಬಾಗಿಲಲ್ಲಿ ಉಳಿದ ನೇಕಾರರೆಲ್ಲ ತುಂಬಿಕೊಂಡರು. ಯಜಮಾನರು ಜಗಲಿಗೆ ಬಂದು ನಿಂತರು.

ಕೊನೆಗೆ ಅಪ್ಪನ ಸರದಿ. ಅಪ್ಪ, ಓಣಿಯ ಆ ತುದಿಯಲ್ಲಿ ಯಾರು ಏನು ಅಂದರೂ ತುಟಿಯಿಂದ ಓದಿಬಿಡುವ ಅಪ್ಪ, ಒಂದು ಮೊಳ ದೂರದಲ್ಲಿ ಅಲ್ಲಾಡುತ್ತಿದ್ದ ಮ್ಯಾನೇಜರರ ಬಾಯನ್ನು ನೆಟ್ಟ ನೋಟದಿಂದ ನೋಡಿದ. ಮನೆಯಲ್ಲಿ ಕೂಡ ಅವನು ದನಿ ತೆಗೆಯುವುದು ಅಪರೂಪ. ಅಂದು ಇಡೀ ಅಂಗಳಕ್ಕೆ ಕೇಳುವ ಹಾಗೆ ಹೇಳಿದ.

"ನೀವು ಏನ್ ಹೇಳ್ತೀರೋ ಒಂದೂ ಕೇಳಸ್ತಿಲ್ರಿ. ಯಜಮಾನ್ರು ಹೇಳಿದ್ದು ಮಾತ್ರ ಕೇಳಿಸೈತೆ."

ಎಲ್ಲರೂ ಜಗಲಿಯ ಕಡೆ ತಿರುಗಿದರು. ಅವರನ್ನು ತೆಗೆ ಎಂದು ಯಜಮಾನರು ತುಟಿ ಅಲ್ಲಾಡಿಸಲಿಲ್ಲ, ಅಲ್ಲಾಡಿಸಿದ್ದರೆ ನನಗೆ ಕಾಣುತ್ತಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಿಡುವು ಮುಗಿದ ಸಿಳ್ಳೆ ಕೂಗಿತು. ಹನ್ನೊಂದು ಮಂದಿಯೂ ಸಾಲು ಮುರಿಯದೆ ಶೆಡ್ಡಿನೊಳಕ್ಕೆ ನಡೆದರು. ಮಗ್ಗಗಳು ಶುರುವಾದವು, ಗೇಟಿನ ಹೊರಗೆ ನನ್ನ ಕಾಲ ಕೆಳಗೂ ನೆಲ ನಡುಗಿತು.